ಕೆರೆ ಒಣಗಿದ ಮೇಲೆ

(ಮಧುಗಿರಿಯಲ್ಲಿ ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಮಾತು ಬಂದರೆ ಎಲ್ಲರೂ ಇಲ್ಲದ್ದರ ಪಟ್ಟಿಯಿಂದಲೇ ಶುರು ಮಾಡುತ್ತಾರೆ. ಮಳೆ ಇಲ್ಲ, ಹೊಳೆಯಲ್ಲಿ ನೀರಿಲ್ಲ, ಕೊಳವೆಬಾವಿಯಲ್ಲಿ ಸಿಕ್ಕ ನೀರಿನಲ್ಲೂ ಪಾವಗಡದ ಕಡೆ ಫ್ಲೋರೈಡು. ಇದೆಲ್ಲ ನಿಜ. ಆದರೆ ಇದೇ ಬರದ ನೆಲವನ್ನು ನಂಬಿ, ಬರವನ್ನೇ ಆಯುಸ್ಸಿನ ಒಂದು ಘಟ್ಟ ಮಾಡಿಕೊಂಡು ಬದುಕುವ ಪ್ರಾಣಿಗಳ ಒಂದು ದೊಡ್ಡ ಬಳಗ ನಮ್ಮ ಕೆರೆಗಳಲ್ಲಿದೆ. ಹೆಚ್ಚಿನವು ಅಕ್ಕಿಕಾಳಿಗಿಂತ ಸಣ್ಣವು. ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ವಿಷಯ: ಒಣಗಿದ ಕೆರೆ ಖಾಲಿ ಕೆರೆಯಲ್ಲ. ಮುಂದಿನ ಮಳೆಗಾಲದ ಜೀವರಾಶಿ ಅದರ ಮೇಲ್ಮಣ್ಣಿನಲ್ಲಿ ಮೊಟ್ಟೆಯ ರೂಪದಲ್ಲಿ ಇರುತ್ತದೆ. ಈ ಮಾತನ್ನು ಒಪ್ಪಿದರೆ, ಹೂಳೆತ್ತುವುದು, ಮೀನು ಬಿಡುವುದು, ನಾಲೆಯಿಂದ ಕೆರೆ ತುಂಬಿಸುವುದು, ಇವೆಲ್ಲವನ್ನೂ ಇನ್ನಷ್ಟು ಎಚ್ಚರದಿಂದ ಮಾಡಬೇಕಾಗುತ್ತದೆ.

1. ಕಲ್ಲು ಮತ್ತು ಮಳೆ

ಮಧುಗಿರಿ, ಪಾವಗಡದ ಬೋಳುಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಪಟ್ಟಿಗೆ ಸೇರಿದವು. ರಾಮನಗರದ ಹಳೆಯ ಹೆಸರನ್ನು ಹೊತ್ತ ಈ ಕಲ್ಲು ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲು ನೀರು ಕುಡಿಯುವುದಿಲ್ಲ. ಬಿದ್ದ ಮಳೆಯಲ್ಲಿ ಒಂದಷ್ಟು ಬಂಡೆಯ ಮೇಲಿನ ದೊಣೆಗಳಲ್ಲಿ ನಿಲ್ಲುತ್ತದೆ. ಉಳಿದದ್ದು ಇಳಿದು ಕುಂಟೆ, ಕಟ್ಟೆ, ಕೆರೆ ಸೇರುತ್ತದೆ. ಕೊರಟಗೆರೆ, ಮಧುಗಿರಿಯ ನೀರು ಜಯಮಂಗಲಿ ಹಿಡಿದು ಉತ್ತರ ಪಿನಾಕಿನಿಗೆ ಹೋಗುತ್ತದೆ. ಶಿರಾ ಕಡೆಯದು ವೇದಾವತಿಯ ಮೂಲಕ ಕೃಷ್ಣೆಯ ಕಣಿವೆಗೆ ಸೇರುತ್ತದೆ.

ವರ್ಷದ ಮಳೆ ಹೆಚ್ಚುಕಮ್ಮಿ 500ರಿಂದ 700 ಮಿಲಿಮೀಟರ್. ಅದು ಬೀಳುವ ಕ್ರಮ ರೈತರಿಗೆ ಬಾಯಿಪಾಠ. ಭರಣಿ, ಕೃತ್ತಿಕೆ, ರೋಹಿಣಿಯಲ್ಲಿ ಗುಡುಗಿನ ಮಳೆ ಬಂದು ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಆಮೇಲೆ ಆಷಾಢದ ಗಾಳಿ ಅದನ್ನು ಒಣಗಿಸುತ್ತದೆ. ಕೆರೆಗೆ ನೀರು ಬರುವುದಾದರೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಯಲ್ಲಿ. ಹಾಗಾಗಿ ಒಂದು ಗುಂಡಿ ವರ್ಷಕ್ಕೆ ಎರಡು ಮೂರು ಸಲ ತುಂಬಿ ಒಣಗಬಹುದು, ಒಂದು ಕೆರೆ ಹಲವು ವರ್ಷ ತುಂಬದೆಯೇ ಇರಬಹುದು. ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಸಾಯಬೇಕಾದ ಪ್ರಾಣಿಗೆ ಇದಕ್ಕಿಂತ ನಂಬಲಾಗದ ಮನೆ ಮತ್ತೊಂದಿಲ್ಲ. ಆದರೂ ಅವು ಇವೆ.

2. ಬಳಗದ ಪರಿಚಯ

ಪಠ್ಯಪುಸ್ತಕ ಇವುಗಳನ್ನು ಕಠಿಣಚರ್ಮಿಗಳು ಎನ್ನುತ್ತದೆ. ಸಮುದ್ರದ ಸೀಗಡಿ, ಗದ್ದೆಯ ನಳ್ಳಿ ಎಲ್ಲ ಇದೇ ವರ್ಗ. ಇವುಗಳ ಮೈಯ ಹೊದಿಕೆ ಬೆಳೆಯುವುದಿಲ್ಲವಾದ್ದರಿಂದ ಪ್ರಾಣಿ ಬೆಳೆದಂತೆ ಅದನ್ನು ಕಳಚುತ್ತಾ ಹೋಗಬೇಕು. ಈ ಪೊರೆ ಕಳಚುವುದರ ಲೆಕ್ಕದಲ್ಲೇ ಇವುಗಳ ಬಾಲ್ಯ, ಯೌವನಗಳನ್ನು ಎಣಿಸುತ್ತೇವೆ.

ಮಳೆ ಬಿದ್ದು ವಾರವೆರಡು ವಾರವಾದ ಗುಂಡಿಯಲ್ಲಿ ಕಣ್ಣಿಗೇ ಕಾಣುವಂಥವು ಮೂರು. ಮೊದಲನೆಯದು ಫೇರಿ ಶ್ರಿಂಪ್. ಒಂದೆರಡು ಸೆಂಟಿಮೀಟರ್ ಉದ್ದ, ಮೈಮೇಲೆ ಚಿಪ್ಪಿಲ್ಲ, ಹೆಚ್ಚಿನವುಗಳಿಗೆ ಹನ್ನೊಂದು ಜೊತೆ ಎಲೆಯಂಥ ಕಾಲು. ಹೊಟ್ಟೆ ಮೇಲೆ ಮಾಡಿ ಅಂಗಾತ ಈಜುತ್ತದೆ. ಅದೇ ಕಾಲುಗಳಲ್ಲಿ ಉಸಿರಾಡುತ್ತದೆ, ಅವುಗಳಲ್ಲೇ ನೀರಿನ ಪಾಚಿ, ಬ್ಯಾಕ್ಟೀರಿಯಾಗಳನ್ನು ಸೋಸಿ ತಿನ್ನುತ್ತದೆ. ದಕ್ಷಿಣ ಭಾರತದ ಗುಂಡಿಗಳಲ್ಲಿ ಸಾಮಾನ್ಯವಾದದ್ದು ಸ್ಟ್ರೆಪ್ಟೊಸೆಫಾಲಸ್ ಡೈಕಾಟಮಸ್. ಎರಡನೆಯದು ಕ್ಲ್ಯಾಮ್ ಶ್ರಿಂಪ್. ನೋಡಿದರೆ ಸಣ್ಣ ಕಪ್ಪೆಚಿಪ್ಪೇ ಎನ್ನಬೇಕು, ಒಳಗಿರುವುದು ಮಾತ್ರ ಕಾಲುಗಳುಳ್ಳ ಪ್ರಾಣಿ. ಮೂರನೆಯದು ಟ್ರಯಾಪ್ಸ್. ಬೆನ್ನ ಮೇಲೆ ಗುರಾಣಿ, ಹಿಂದೆ ಎರಡು ಎಳೆಯ ಬಾಲ, ತಲೆಯಲ್ಲಿ ಮೂರು ಕಣ್ಣು. ಕೆಸರು ಕೆದಕಿ ಸಿಕ್ಕಿದ್ದನ್ನು ತಿನ್ನುತ್ತದೆ, ತನ್ನ ಜಾತಿಯ ಮರಿಗಳನ್ನೂ ಬಿಡುವುದಿಲ್ಲ. 20 ಕೋಟಿ ವರ್ಷಕ್ಕೂ ಹಿಂದಿನ ಪಳೆಯುಳಿಕೆಗಳಲ್ಲಿ ಹೆಚ್ಚುಕಡಿಮೆ ಇದೇ ಆಕಾರದ ಪ್ರಾಣಿಗಳಿವೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಇದ್ದರೆ ಇನ್ನೂ ಮೂರು ಬಳಗ ಕಾಣುತ್ತವೆ: ಕುಪ್ಪಳಿಸಿ ಈಜುವ ನೀರುಚಿಗಟಗಳು, ಚಂಗನೆ ನೆಗೆಯುವ ಸೈಕ್ಲಾಪ್ಸ್ ಮತ್ತು ಅದರ ನೆಂಟರು, ಎಳ್ಳಿನಂತೆ ತಳದಲ್ಲಿ ಉರುಳಾಡುವ ಆಸ್ಟ್ರಕೋಡುಗಳು. ಇನ್ನು ನಳ್ಳಿ, ಸೀಗಡಿಗಳನ್ನು ನಾನು ಪರಿಚಯ ಮಾಡಿಕೊಡಬೇಕಾಗಿಲ್ಲ.

3. ನಾಗಪುರದ ಗುಂಡಿ, ನಾರ್ವೆಯ ಗಾಜಿನ ತೊಟ್ಟಿ

ಒಣಮಣ್ಣಿನಲ್ಲಿ ಜೀವವಿದೆ ಎನ್ನುವುದನ್ನು ಲೋಕಕ್ಕೆ ಚೆನ್ನಾಗಿ ತೋರಿಸಿಕೊಟ್ಟವನು ಮಳೆಗುಂಡಿಗಳ ನಾಡಿನವನಲ್ಲ, ಹಿಮದ ನಾಡಿನವನು. ಕಥೆ ಮಾತ್ರ ನಮ್ಮ ದಖ್ಖನಿನಿಂದಲೇ ಶುರುವಾಗುತ್ತದೆ.

ನಾಗಪುರದಲ್ಲಿ ಸ್ಟೀಫನ್ ಹಿಸ್ಲಾಪ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಇದ್ದ. ಶಾಲೆ ನಡೆಸುವುದರ ಜೊತೆಗೆ ದಖ್ಖನಿನ ಕಲ್ಲು, ಪಳೆಯುಳಿಕೆಗಳನ್ನು ಹುಡುಕಿದವನು. ಅಲ್ಲಿಯ ನೀರಿನಿಂದ ಅವನು ಹಿಡಿದು ಕಳಿಸಿದ ಒಂದು ಪುಟ್ಟ ಕ್ಲ್ಯಾಮ್ ಶ್ರಿಂಪಿಗೆ ಬ್ರಿಟಿಷ್ ಮ್ಯೂಸಿಯಮ್ಮಿನ ವಿಲಿಯಂ ಬೇರ್ಡ್ 1859ರಲ್ಲಿ ಹಿಸ್ಲಾಪನ ಹೆಸರನ್ನೇ ಇಟ್ಟ. ಇಂದು ಅದು ಸೈಕ್ಲೆಸ್ಥೀರಿಯಾ ಹಿಸ್ಲಾಪಿ.

ಸುಮಾರು ಕಾಲು ಶತಮಾನ ಕಳೆಯಿತು. ಕಾರ್ಲ್ ಲುಮ್‌ಹೋಲ್ಟ್ಸ್ ಎಂಬ ನಾರ್ವೆಯ ಅಲೆಮಾರಿ ವಿದ್ವಾಂಸ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಒಂದು ಜೌಗಿನ ಮಣ್ಣನ್ನು ಒಣಗಿಸಿ ತನ್ನೂರಿಗೆ ಕಳಿಸಿದ. ಇಂದಿನ ಓಸ್ಲೊ, ಆಗಿನ ಕ್ರಿಸ್ಟಿಯಾನಿಯಾದಲ್ಲಿ ಪ್ರೊಫೆಸರ್ ಆಗಿದ್ದ ಗೇಯೋರ್ಗ್ ಓಸಿಯಾನ್ ಸಾರ್ಸ್ ಆ ಮಣ್ಣನ್ನು ಗಾಜಿನ ತೊಟ್ಟಿಗಳಲ್ಲಿ ಹಾಕಿ ನೀರೆರೆದ. ಭೂಗೋಳದ ಅರ್ಧ ಸುತ್ತು ಹಡಗಿನಲ್ಲಿ ಬಂದ ಒಣಮಣ್ಣಿನಿಂದ ನೀರುಚಿಗಟಗಳು ಎದ್ದುಬಂದವು. ಸಾರ್ಸ್ ಅವನ್ನು 1885ರಲ್ಲಿ ವರ್ಣಿಸಿ ಪ್ರಕಟಿಸಿದ. ಮುಳ್ಳು ಮುಳ್ಳಾಗಿದ್ದ ಒಂದಕ್ಕೆ ಮಣ್ಣು ಕಳಿಸಿದವನ ನೆನಪಿಗೆ ಡಾಫ್ನಿಯಾ ಲುಮ್‌ಹೋಲ್ಟ್ಸಿ ಎಂದು ಹೆಸರಿಟ್ಟ. ಇನ್ನೆರಡು ವರ್ಷಕ್ಕೆ ಆಸ್ಟ್ರೇಲಿಯಾದ ಒಣಮಣ್ಣೇ ಅವನಿಗೆ ನಾಗಪುರದ ಆ ಹಳೆಯ ಸೈಕ್ಲೆಸ್ಥೀರಿಯಾವನ್ನೂ ಕೊಟ್ಟಿತು. ಸಾರ್ಸ್ ಅದರ ಸಂಸಾರವನ್ನು ಅಲ್ಲೇ ನೋಡಿದ: ತಾಯಿ ಮರಿಗಳನ್ನು ಚಿಪ್ಪಿನೊಳಗೇ ಇಟ್ಟುಕೊಂಡು, ಅವು ತನ್ನ ರೂಪಕ್ಕೆ ಬಂದ ಮೇಲೆ ಹೊರಗೆ ಬಿಡುತ್ತದೆ. ನೀರುಚಿಗಟವೂ ಮಾಡುವುದು ಇದನ್ನೇ. ಇವೆರಡೂ ಹತ್ತಿರದ ದಾಯಾದಿಗಳು ಎಂದು ಈಗ ಜೀನುಗಳ ಅಧ್ಯಯನವೂ ಹೇಳುತ್ತದೆ.

ಸಾರ್ಸ್ ಆಫ್ರಿಕಾದಿಂದ, ದಕ್ಷಿಣ ಅಮೆರಿಕದಿಂದಲೂ ಒಣಮಣ್ಣು ತರಿಸಿದ. ನಮ್ಮ ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳಿಗೆ ಅಂಚೆಯ ಖರ್ಚೂ ಇಲ್ಲ. ಮಣ್ಣು ಊರ ಮುಂದೆಯೇ ಇದೆ.

4. ಮೊಟ್ಟೆಯ ಲೆಕ್ಕಾಚಾರ

ಫೇರಿ ಶ್ರಿಂಪಿನ ಮೊಟ್ಟೆ ಎಂದು ನಾವು ಕರೆಯುವುದು ನಿಜವಾಗಿ ಮೊಟ್ಟೆಯಷ್ಟೇ ಅಲ್ಲ. ಒಳಗೆ ಭ್ರೂಣ ಒಂದು ಹಂತದವರೆಗೆ ಬೆಳೆದು ಅಲ್ಲಿಗೇ ನಿಂತಿರುತ್ತದೆ. ಹೊರಗೆ ದಪ್ಪ ಕವಚ, ಒಳಗೆ ಟ್ರೆಹಲೋಸ್ ಎಂಬ ಸಕ್ಕರೆ. ನೀರು ಆರಿಹೋದಾಗ ಜೀವಕೋಶದ ಪೊರೆ, ಪ್ರೋಟೀನುಗಳು ಕುಸಿಯದಂತೆ ಈ ಸಕ್ಕರೆ ಅವುಗಳನ್ನು ಹಿಡಿದು ನಿಲ್ಲಿಸುತ್ತದೆ. ಆಗ ಉಸಿರಾಟ, ಚಯಾಪಚಯ ಯಾವುದೂ ಅಳತೆಗೆ ಸಿಗುವಷ್ಟು ನಡೆಯುವುದಿಲ್ಲ. ಉಪ್ಪುನೀರಿನ ಫೇರಿ ಶ್ರಿಂಪ್ ಆದ ಆರ್ಟೀಮಿಯಾದ ಇಂಥ ಮೊಟ್ಟೆಗಳನ್ನು 1972ರಲ್ಲಿ ಅಪೊಲೊ 16 ಮತ್ತು 17ರ ಚಂದ್ರಯಾನಗಳಲ್ಲಿ ಪ್ರಯೋಗಕ್ಕಾಗಿ ಒಯ್ದಿದ್ದರು. ಅಲಂಕಾರದ ಮೀನಿನ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಆರ್ಟೀಮಿಯಾ ಎಂದರೆ ಇದೇ.

ಮಳೆ ಬಿದ್ದು, ಉಪ್ಪಿನಂಶ ಕಡಿಮೆಯಿರುವ ಹೊಸನೀರು ನಿಂತು, ಬೆಳಕು, ಉಷ್ಣತೆ ಕೂಡಿಬಂದರೆ ಒಂದೆರಡು ದಿನದಲ್ಲಿ ಮರಿ ಹೊರಬರುತ್ತದೆ. ಬಿಸಿಲುನಾಡಿನ ನೀರಿನಲ್ಲಿ ಅದು ಎರಡು ಮೂರು ವಾರದೊಳಗೆ ಪ್ರಾಯಕ್ಕೆ ಬಂದು ಮೊಟ್ಟೆಯಿಟ್ಟು ಕೆಲಸ ಮುಗಿಸುತ್ತದೆ. ಗುಂಡಿ ಒಣಗುವುದರೊಳಗೆ ಮುಗಿಸಲೇಬೇಕು.

ಇಲ್ಲೊಂದು ತೊಡಕಿದೆ. ರೋಹಿಣಿ ಮಳೆಗೆ ಎದ್ದ ಮರಿಗಳು ಮೊಟ್ಟೆಯಿಡುವ ಮುಂಚೆಯೇ ಗುಂಡಿ ಒಣಗಿದರೆ? ಎಲ್ಲವೂ ಒಟ್ಟಿಗೆ ಎದ್ದಿದ್ದರೆ ಆ ಗುಂಡಿಯ ವಂಶ ಅಂದಿಗೇ ಮುಗಿಯುತ್ತಿತ್ತು. ಹಾಗಾಗುವುದಿಲ್ಲ. ಒಂದು ಮಳೆಗೆ ಕೆಲವೇ ಮೊಟ್ಟೆಗಳು ಒಡೆಯುತ್ತವೆ. ಪಕ್ಕದಲ್ಲೇ ಇರುವ, ಒಂದೇ ತಾಯಿ ಇಟ್ಟ ಮೊಟ್ಟೆ ಇನ್ನೊಂದು ಮಳೆಗೆ, ಮತ್ತೊಂದು ಅದರಾಚೆಯ ವರ್ಷಕ್ಕೆ ಕಾಯುತ್ತದೆ. ಮೊದಲ ಹದಕ್ಕೇ ಮನೆಯ ಕಡಲೆಕಾಯಿ ಬೀಜವನ್ನೆಲ್ಲ ಬಿತ್ತದೆ ಒಂದಿಷ್ಟು ಉಳಿಸಿಕೊಳ್ಳುವ ಪಾವಗಡದ ರೈತನ ಲೆಕ್ಕವೇ ಇದು. ಮರುಭೂಮಿಯ ಹುಲ್ಲು, ಗಿಡಗಳ ಬೀಜದ ವಿಷಯದಲ್ಲಿ ಡಾನ್ ಕೋಹೆನ್ ಎಂಬ ವಿಜ್ಞಾನಿ 1966ರಲ್ಲಿ ಇದಕ್ಕೆ ಗಣಿತವನ್ನೇ ಕಟ್ಟಿಕೊಟ್ಟ. ಮಳೆ ಎಷ್ಟು ಕೈಕೊಡುವಂಥದೋ ಅಷ್ಟು ಹೆಚ್ಚು ಪಾಲನ್ನು ಮಣ್ಣಿನಲ್ಲಿ ಉಳಿಸುವುದೇ ಲಾಭ ಎಂಬುದು ಅದರ ಸಾರ.

ಹೀಗೆ ಹಲವು ವರ್ಷಗಳ ಮೊಟ್ಟೆ ಮಣ್ಣಿನಲ್ಲಿ ದಾಸ್ತಾನಾಗುತ್ತದೆ. ಎಷ್ಟು ಕಾಲ ಬಾಳಬಹುದು? ಅಮೆರಿಕದ ಮಿನ್ನೆಸೋಟದ ಒಂದು ಸರೋವರದ ತಳದಿಂದ ತೆಗೆದ, ಸುಮಾರು 700 ವರ್ಷ ಹಳೆಯ ಡಾಫ್ನಿಯಾ ಮೊಟ್ಟೆಗಳನ್ನು ಮರಿ ಮಾಡಿಸಿದ ವರದಿ 2014ರಲ್ಲಿ ಬಂತು. ಅವು ಇಟ್ಟಾಗ ನಮ್ಮಲ್ಲಿ ವಿಜಯನಗರ ಇನ್ನೂ ಹುಟ್ಟಿರಲಿಲ್ಲ, ಅಥವಾ ಆಗತಾನೇ ಹುಟ್ಟುತ್ತಿತ್ತು. ಅದು ತಣ್ಣನೆಯ, ಕದಡದ ಕೆಸರು. ದನಕರು ತುಳಿಯುವ, ಬಿಸಿಲಿಗೆ ಸೀಳುವ ನಮ್ಮ ಕೆರೆಯಂಗಳಕ್ಕೆ ಆ ಲೆಕ್ಕ ಹಾಕಬಾರದು. ಆದರೆ ಬರದ ಕೆಲವು ವರ್ಷಗಳನ್ನು ದಾಟುವುದು ಇವುಗಳಿಗೆ ದೊಡ್ಡ ಮಾತಲ್ಲ.

5. ಗಂಡಿಲ್ಲದ ಸಂಸಾರ

ನೀರುಚಿಗಟದ ಬದುಕು ಇನ್ನೊಂದು ಬಗೆಯದು. ನೀರು ಚೆನ್ನಾಗಿದ್ದು ಆಹಾರ ಸಾಕಷ್ಟಿದ್ದಾಗ ಅಲ್ಲಿರುವುದೆಲ್ಲ ಹೆಣ್ಣು. ಗಂಡಿನ ಸಂಗವಿಲ್ಲದೆ ಹೆಣ್ಣು ಹೆಣ್ಣುಮರಿಗಳನ್ನೇ ಹೆರುತ್ತದೆ. ಮೊಯಿನಾದಂಥ ಸಣ್ಣ ಜಾತಿಗಳಲ್ಲಿ ಮರಿ ಕೆಲವೇ ದಿನದಲ್ಲಿ ತಾಯಿಯಾಗುತ್ತದೆ. ಕೆರೆಗೆ ನೀರು ಬಂದ ಹದಿನೈದು ದಿನದಲ್ಲಿ ಬಟ್ಟೆ ಅದ್ದಿ ತೆಗೆದರೆ ಸಾವಿರಗಟ್ಟಲೆ ಸಿಗುವುದು ಇದೇ ಕಾರಣಕ್ಕೆ.

ನೀರು ಇಳಿದು, ಜಾಗ ಇಕ್ಕಟ್ಟಾಗಿ, ತಿನ್ನಲು ಕಡಿಮೆಯಾಗುತ್ತಿದ್ದಂತೆ ಪದ್ಧತಿ ಬದಲಾಗುತ್ತದೆ. ಅದೇ ತಾಯಿಗಳು ಗಂಡುಗಳನ್ನು ಹೆರುತ್ತವೆ. ಗಂಡುಹೆಣ್ಣು ಕೂಡಿದ ಮೇಲೆ ಹುಟ್ಟುವ ಮೊಟ್ಟೆ ತಾಯಿಯ ಬೆನ್ನ ಮೇಲಿನ ಒಂದು ಕಪ್ಪು ಪೊಟ್ಟಣದಲ್ಲಿ ಭದ್ರವಾಗುತ್ತದೆ. ಡಾಫ್ನಿಯಾದಲ್ಲಿ ಪೊಟ್ಟಣಕ್ಕೆ ಎರಡು ಮೊಟ್ಟೆ. ಪೊರೆ ಕಳಚಿದಾಗ ಪೊಟ್ಟಣ ಬೇರೆಯಾಗಿ ಕೆಸರಿಗೆ ಇಳಿಯುತ್ತದೆ, ಅಥವಾ ತೇಲಿ ದಡಕ್ಕೆ ಬಂದು ಹಕ್ಕಿಯ ರೆಕ್ಕೆಪುಕ್ಕಕ್ಕೋ ಎಮ್ಮೆಯ ಮೈಗೋ ಅಂಟಿಕೊಳ್ಳುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ದಿನಾ ಒಂದು ಕೆರೆಯಿಂದ ಇನ್ನೊಂದಕ್ಕೆ ಹಾರುತ್ತವೆ. ಕೆರೆಯಿಂದ ಕೆರೆಗೆ ಇವುಗಳನ್ನು ಸಾಗಿಸುವುದು ಇಂಥ ಹಕ್ಕಿಗಳ ಕಾಲು, ಕರುಳುಗಳೇ. ಬೇಸಿಗೆಯ ಸುಂಟರಗಾಳಿಯೂ ಕೆರೆಯಂಗಳದ ಧೂಳನ್ನು ಎತ್ತಿ ಹಂಚುತ್ತದೆ.

ನೀರುಚಿಗಟದ ಮೈ ಗಾಜಿನಂತೆ ಪಾರದರ್ಶಕ. ಹೃದಯ ಬಡಿಯುವುದು, ಕರುಳಿನಲ್ಲಿ ಹಸಿರು ಪಾಚಿ ಸರಿಯುವುದು ಎಲ್ಲ ಹೊರಗಿನಿಂದ ಕಾಣುತ್ತದೆ. ಇಲ್ಯಾ ಮೆಕ್ನಿಕಾಫ್ ಎಂಬ ವಿಜ್ಞಾನಿ 1884ರಲ್ಲಿ ಡಾಫ್ನಿಯಾದ ಮೈಯೊಳಗೆ ಒಂದು ರೋಗಕಾರಕ ಯೀಸ್ಟನ್ನು ಅದರ ರಕ್ತಕಣಗಳು ಮುತ್ತಿ ನುಂಗುವುದನ್ನು ಕಂಡು ಬರೆದ. ದೇಹ ರೋಗದೊಡನೆ ಹೋರಾಡುವ ಬಗೆಯ ನಮ್ಮ ತಿಳಿವಳಿಕೆಗೆ ಇದು ಒಂದು ಬುನಾದಿ. ಅವನಿಗೆ 1908ರಲ್ಲಿ ನೊಬೆಲ್ ಬಂತು. ಪ್ರೌಢಶಾಲೆಯ ಲ್ಯಾಬಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅದೇ ಪ್ರಾಣಿಯ ಹೃದಯಬಡಿತವನ್ನು ನಮ್ಮ ಮಕ್ಕಳು ಎಣಿಸಬಹುದು. ಕಪ್ಪೆಯನ್ನು ಕೊಯ್ಯುವ ಅಗತ್ಯವಿಲ್ಲ.

6. ಸೈಕ್ಲಾಪ್ಸ್: ಶತ್ರುವೋ, ಮಿತ್ರನೋ

ಈ ಬಳಗದಲ್ಲಿ ಮನುಷ್ಯನಿಗೆ ಕೇಡು ಮಾಡಿದ ಹೆಸರಿರುವುದು ಸೈಕ್ಲಾಪ್ಸಿಗೆ. ಒಂಟಿಕಣ್ಣು, ಪೇರುಹಣ್ಣಿನ ಆಕಾರ, ಹೆಣ್ಣಿನ ಬಾಲದ ಎರಡು ಪಕ್ಕ ಮೊಟ್ಟೆಯ ಎರಡು ಚೀಲ. ಮರಿಯಾಗಿ ಆರು ಹಂತ, ಎಳೆಯ ಪ್ರಾಯದಲ್ಲಿ ಐದು ಹಂತ ದಾಟಿ ವಯಸ್ಕವಾಗುತ್ತದೆ. ಹಲವು ಜಾತಿಗಳು ನೀರು ಒಣಗುವಾಗ ಮೊಟ್ಟೆಯಾಗಿ ಅಲ್ಲ, ಈ ಎಳೆಪ್ರಾಯದ ಹಂತದಲ್ಲೇ ಕೆಸರಿನೊಳಗೆ ಸೇರಿ ನಿದ್ರೆಗೆ ಜಾರುತ್ತವೆ.

ಹಿರಿಯರಿಗೆ ನಾರುಹುಣ್ಣು ನೆನಪಿರಬಹುದು. ಕಾಲಿನ ಬೊಕ್ಕೆ ಒಡೆದು, ಮೊಳಕ್ಕೂ ಮೀರಿದ ದಾರದಂಥ ಹುಳು ನಿಧಾನವಾಗಿ ಹೊರಬರುತ್ತಿತ್ತು. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿಗಿಟ್ಟರೆ ಹುಳು ತನ್ನ ಮರಿಗಳನ್ನು ಆ ನೀರಿಗೆ ಬಿಡುತ್ತಿತ್ತು. ಸೈಕ್ಲಾಪ್ಸ್ ಅವನ್ನು ನುಂಗುತ್ತಿತ್ತು. ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷದ ಮೇಲೆ ಅದೇ ಹುಣ್ಣು. ಸೈಕ್ಲಾಪ್ಸಿನ ಈ ಪಾತ್ರವನ್ನು ರಷ್ಯದ ಅಲೆಕ್ಸಿ ಫೆಡ್ಚೆಂಕೊ 1870ರ ಹೊತ್ತಿಗೆ ಗುರುತಿಸಿದ್ದ. ಮೆಟ್ಟಿಲು ಇಳಿದು ನೀರಿಗೆ ಕಾಲಿಟ್ಟು ಬಿಂದಿಗೆ ತುಂಬಿಸುವ ಬಾವಿಗಳೇ ಈ ರೋಗದ ಮನೆ. ಕರ್ನಾಟಕವೂ ಇದರ ನೆಲೆಗಳಲ್ಲಿ ಒಂದಾಗಿತ್ತು. 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮಾಡಿದ ಕೆಲಸ ಸರಳ: ಮೆಟ್ಟಿಲುಬಾವಿಗಳನ್ನು ಸೇದುವ ಬಾವಿ ಮಾಡುವುದು, ಕೈಪಂಪು ಹಾಕುವುದು, ನೀರಿಗೆ ಟೆಮಿಫಾಸ್ ಬೆರೆಸುವುದು, ಮುಖ್ಯವಾಗಿ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು. ಸೈಕ್ಲಾಪ್ಸ್ ಬಟ್ಟೆಯಲ್ಲಿ ನಿಲ್ಲುವಷ್ಟು ದೊಡ್ಡದು. ಲಸಿಕೆಯೂ ಇಲ್ಲ, ಕೊಲ್ಲುವ ಮಾತ್ರೆಯೂ ಇಲ್ಲದ ರೋಗ 1996ರ ಜುಲೈಯಲ್ಲಿ ರಾಜಸ್ಥಾನದ ಒಬ್ಬ ರೋಗಿಯೊಡನೆ ದೇಶದಿಂದ ಹೋಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಪ್ರಮಾಣೀಕರಿಸಿತು.

ಇದೇ ಸೈಕ್ಲಾಪ್ಸ್ ಬಳಗದ ಮೀಸೊಸೈಕ್ಲಾಪ್ಸ್ ಸೊಳ್ಳೆಯ ಎಳೆಮರಿಗಳನ್ನು ಹಿಡಿದು ತಿನ್ನುತ್ತದೆ. ವಿಯೆಟ್ನಾಮಿನಲ್ಲಿ ಹಳ್ಳಿಯವರೇ ಇವನ್ನು ಮನೆಯ ನೀರಿನ ತೊಟ್ಟಿಗಳಿಗೆ ಬಿಟ್ಟು ಹಲವು ಊರುಗಳಲ್ಲಿ ಡೆಂಗಿ ಸೊಳ್ಳೆಯನ್ನೇ ಇಲ್ಲವಾಗಿಸಿದರು. ಪ್ರಾಣಿ ಅದೇ. ಬಾವಿಯಲ್ಲಿ ನಾವು ಕಾಲು ಇಳಿಬಿಟ್ಟೆವೋ ಹಗ್ಗ ಇಳಿಬಿಟ್ಟೆವೋ ಎನ್ನುವುದರ ಮೇಲೆ ಅದು ಶತ್ರುವೋ ಮಿತ್ರನೋ ಆಗುತ್ತದೆ.

7. ಬಿಲ ಸೇರುವವರು

ನಳ್ಳಿಯದು ಮೂರನೆಯ ದಾರಿ. ಅದು ಮೊಟ್ಟೆಯನ್ನು ಬರಕ್ಕೆ ಒಪ್ಪಿಸುವುದಿಲ್ಲ, ತಾನೇ ಏರಿಯಲ್ಲೋ ಗದ್ದೆಯ ಬದುವಿನಲ್ಲೋ ತೇವ ಸಿಗುವವರೆಗೆ ಬಿಲ ತೋಡಿ, ಬಾಯಿಗೆ ಮಣ್ಣು ಮುಚ್ಚಿಕೊಂಡು ಬೇಸಿಗೆ ಕಳೆಯುತ್ತದೆ. ಪಾವಗಡದ ತೆಲುಗಿನವರು ಎಂಡ್ರಕಾಯ ಎನ್ನುವ ಇದು ಏರಿಯಲ್ಲಿ ಬಿಲ ಮಾಡಿ ನೀರು ಜಿನುಗಿಸುತ್ತದೆ ಎಂದು ನೀರುಗಂಟಿಗಳು ದೂರುವುದರಲ್ಲಿ ಹುರುಳಿದೆ. ಸಮುದ್ರದ ಏಡಿಗಳ ಮರಿ ತಾಯಿಯನ್ನು ಬಿಟ್ಟು ಬೇರೆಯದೇ ರೂಪದಲ್ಲಿ ವಾರಗಟ್ಟಲೆ ತೇಲುತ್ತದೆ. ಸಿಹಿನೀರಿನ ನಳ್ಳಿ ಆ ಹಂತಗಳನ್ನೆಲ್ಲ ಮೊಟ್ಟೆಯೊಳಗೇ ಮುಗಿಸುತ್ತದೆ. ತಾಯಿಯ ಹೊಟ್ಟೆಯ ಮಡಿಕೆಯಿಂದ ಹೊರಬರುವುದು ಪುಟ್ಟ ನಳ್ಳಿಯೇ. ಕಡಲಿನಿಂದ ಪೂರ್ತಿ ದೂರವಾಗಿ ಒಳನಾಡಿನಲ್ಲೇ ನೆಲೆಸಿದ ಸೀಗಡಿ ಜಾತಿಗಳೂ ಹೀಗೆಯೇ: ಮೊಟ್ಟೆ ಕಡಿಮೆ, ಆದರೆ ದಪ್ಪ. ಮರಿಯ ತೇಲಾಟದ ಕಾಲ ಬಹಳ ಚಿಕ್ಕದು. ಹರಿದುಹೋಗುವ, ಒಣಗಿಹೋಗುವ ನೀರಿಗೆ ಎಳೆಮರಿಯನ್ನು ಒಪ್ಪಿಸುವ ಧೈರ್ಯ ಇವಕ್ಕಿಲ್ಲ.

8. ಮೀನು ಬಿಟ್ಟಾಗ

ಗ್ರಾಮ ಪಂಚಾಯಿತಿಯಲ್ಲಿ ಕೆರೆಯ ಮೀನು ಹರಾಜಾಗುತ್ತದೆ, ಕಾಟ್ಲಾ, ರೋಹು, ಮೃಗಾಲ್ ಮರಿ ಬಿಡುತ್ತಾರೆ. ಕಾಟ್ಲಾ ಮೇಲ್ನೀರಿನ ಮೀನು. ಅದರ ಮುಖ್ಯ ಆಹಾರ ನಾನು ಇಷ್ಟು ಹೊತ್ತು ಹೇಳಿದ ಈ ಜೀವಿಗಳೇ. ಮೀನುಮರಿ ಕೇಂದ್ರಗಳಲ್ಲಿ ಮೊದಲು ಕೊಳಕ್ಕೆ ಸಗಣಿ, ಕಡಲೆಕಾಯಿ ಹಿಂಡಿ ಹಾಕಿ ಮೊಯಿನಾ ಬೆಳೆಸಿ, ಆಮೇಲೆ ಮರಿ ಬಿಡುತ್ತಾರೆ. ನಮ್ಮ ಹೊಲದ ಹಿಂಡಿ ನೀರುಚಿಗಟವಾಗಿ, ನೀರುಚಿಗಟ ಮೀನಾಗಿ, ಮೀನು ಸಂತೆಯ ದುಡ್ಡಾಗಿ ಊರಿಗೇ ಬರುತ್ತದೆ.

ಆದರೆ ಮೀನು ಬಿಟ್ಟ ನೀರಿನಲ್ಲಿ ಈ ಬಳಗದ ಚಹರೆ ಬದಲಾಗುತ್ತದೆ. ಅಮೆರಿಕದ ವಿಜ್ಞಾನಿಗಳಾದ ಬ್ರೂಕ್ಸ್ ಮತ್ತು ಡಾಡ್ಸನ್ 1965ರಲ್ಲಿ ಇದನ್ನು ಸರೋವರಗಳಲ್ಲಿ ಸ್ಪಷ್ಟವಾಗಿ ತೋರಿಸಿದರು. ಮೀನು ಕಣ್ಣಿಗೆ ಬೀಳುವ ದೊಡ್ಡ ಜಾತಿಗಳನ್ನು ಆರಿಸಿ ತಿನ್ನುತ್ತದೆ, ಸಣ್ಣವು ಉಳಿಯುತ್ತವೆ. ಸಣ್ಣವು ಪಾಚಿಯನ್ನು ಅಷ್ಟು ದಕ್ಷವಾಗಿ ಸೋಸಲಾರವು, ನೀರು ಹಸಿರಾಗುತ್ತದೆ. ಫೇರಿ ಶ್ರಿಂಪಿಗಂತೂ ಮೀನೇ ಯಮ. ನಿಧಾನವಾಗಿ ಈಜುವ, ಚಿಪ್ಪಿಲ್ಲದ, ದೊಡ್ಡ ಮೈಯ ಪ್ರಾಣಿ ಮೀನಿರುವ ನೀರಿನಲ್ಲಿ ಬದುಕುವುದು ಸಾಧ್ಯವೇ ಇಲ್ಲ. ಕೆರೆ ಒಣಗುವುದರಿಂದಲೇ ಅಲ್ಲಿ ಮೀನು ನಿಲ್ಲುವುದಿಲ್ಲ, ಮೀನು ನಿಲ್ಲದ್ದರಿಂದಲೇ ಇವು ಅಲ್ಲಿವೆ. ಬರ ಇವುಗಳಿಗೆ ಕಾವಲುಗಾರ.

ಸಾರ್ಸ್ ಹೆಸರಿಟ್ಟ ಡಾಫ್ನಿಯಾ ಲುಮ್‌ಹೋಲ್ಟ್ಸಿ ಮಾತ್ರ ಮೀನಿಗೆ ಉತ್ತರ ಕಂಡುಕೊಂಡಿದೆ. ನೀರಿನಲ್ಲಿ ಮೀನಿನ ವಾಸನೆ ಗೊತ್ತಾದರೆ ತಲೆಯ ಮೇಲೆ, ಬಾಲದಲ್ಲಿ ಉದ್ದ ಮುಳ್ಳು ಬೆಳೆಸುತ್ತದೆ. ಆಫ್ರಿಕ, ಏಷ್ಯ, ಆಸ್ಟ್ರೇಲಿಯಾಗಳ, ಭಾರತದ್ದೂ ಆದ ಈ ಜಾತಿ 1990ರ ಸುಮಾರಿಗೆ ಅಮೆರಿಕದ ಜಲಾಶಯಗಳಿಗೆ ನುಗ್ಗಿತು. ಅಲ್ಲಿಯ ಮೀನುಮರಿಗಳಿಗೆ ಅದನ್ನು ನುಂಗುವುದು ಇಂದಿಗೂ ಕಷ್ಟ.

ಗಪ್ಪಿ, ಗ್ಯಾಂಬೂಸಿಯಾ ಎಂಬ ಸೊಳ್ಳೆಮೀನುಗಳ ಮಾತನ್ನೂ ಇಲ್ಲೇ ಹೇಳಬೇಕು. ಗ್ಯಾಂಬೂಸಿಯಾ ಭಾರತಕ್ಕೆ ಬಂದದ್ದು 1928ರಲ್ಲಿ. ಊರೊಳಗಿನ ಬಾವಿ, ತೊಟ್ಟಿಗಳಲ್ಲಿ ಅವು ಮಲೇರಿಯಾ ತಡೆಯಲು ನೆರವಾಗಿವೆ. ಅಲ್ಲಿ ಇರಲಿ. ಬೆಟ್ಟದ ಮೇಲಿನ ದೊಣೆಗೆ ಒಳ್ಳೆಯ ಕೆಲಸವೆಂದು ಒಂದು ಚೊಂಬು ಸೊಳ್ಳೆಮೀನು ತಂದು ಬಿಡಬೇಡಿ. ಸೊಳ್ಳೆಯ ಜೊತೆಗೆ ಎಲ್ಲವನ್ನೂ ತಿಂದು ಮುಗಿಸುತ್ತವೆ.

9. ಹೂಳು ಮತ್ತು ನಾಲೆ

ಬೇಸಿಗೆಯಲ್ಲಿ ಕೆರೆ ಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ಹಳೆಯ ಪದ್ಧತಿ. ಒಂದೊಂದು ಕಡೆ ಒಂದಿಷ್ಟು ಅಗೆಯುತ್ತಿದ್ದುದರಿಂದ ಉಳಿದ ಅಂಗಳ ಹಾಗೇ ಇರುತ್ತಿತ್ತು. ಈಗ ಜೆಸಿಬಿ ಬಂದಿದೆ. ಒಂದೇ ಬೇಸಿಗೆಯಲ್ಲಿ ಇಡೀ ಅಂಗಳವನ್ನು ಆಳಕ್ಕೆ ಕೆರೆದು ಏರಿಯಾಚೆ ಸುರಿಯಬಹುದು. ಜೀವಂತ ಮೊಟ್ಟೆಗಳಲ್ಲಿ ಬಹುಪಾಲು ಇರುವುದು ಮೇಲಿನ ಕೆಲವೇ ಸೆಂಟಿಮೀಟರ್ ಮಣ್ಣಿನಲ್ಲಿ. ಯಂತ್ರ ಮೊದಲು ಎತ್ತುವುದೇ ಅದನ್ನು. ಹೂಳೆತ್ತಬೇಡಿ ಎಂದು ನಾನು ಹೇಳುತ್ತಿಲ್ಲ, ಹೂಳು ತುಂಬಿದ ಕೆರೆ ನೀರು ಹಿಡಿಯುವುದಿಲ್ಲ. ಕೇಳುವುದಿಷ್ಟು: ಕೆರೆಯನ್ನು ಭಾಗ ಮಾಡಿ ಬೇರೆ ಬೇರೆ ವರ್ಷಗಳಲ್ಲಿ ಎತ್ತಿ. ನೀರು ಬರುವ ಮುಖದ ಕಡೆ ಒಂದು ಪಟ್ಟಿಯನ್ನು ಕೈಹಾಕದೆ ಬಿಡಿ. ಸಾಧ್ಯವಿದ್ದರೆ ಮೇಲ್ಮಣ್ಣನ್ನು ಪಕ್ಕಕ್ಕೆ ಇಟ್ಟು, ಕೆಲಸ ಮುಗಿದ ಮೇಲೆ ತೆಳ್ಳಗೆ ಮತ್ತೆ ಹರಡಿ.

ಇನ್ನು ನಾಲೆಯ ನೀರು. ಹೇಮಾವತಿಯ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಬಂದಿದೆ. ಎತ್ತಿನಹೊಳೆ ಯೋಜನೆಯ ನಕ್ಷೆಯಲ್ಲಿ ಕೊರಟಗೆರೆಯೂ ಇದೆ. ಕುಡಿಯಲು ನೀರಿಲ್ಲದ ಊರಿಗೆ ಇದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಜೀವಶಾಸ್ತ್ರದ ಕಣ್ಣಿಗೆ ಇದರಲ್ಲಿ ಎರಡು ಸಂಗತಿ ಕಾಣುತ್ತವೆ. ಹೇಮಾವತಿಯ ಮೂಲಕ ಕಾವೇರಿ ಕಣಿವೆಯ ನೀರು ಕೃಷ್ಣೆಯ ಕಣಿವೆಯ ಕೆರೆಗೆ ಬಂದಾಗ ಅದರೊಡನೆ ಅಲ್ಲಿಯ ಮೀನುಮರಿ, ಹುಳುಹುಪ್ಪಟೆ, ಮೊಟ್ಟೆಗಳೂ ಬರುತ್ತವೆ. ಮತ್ತು ಯಾವ ಕೆರೆ ವರ್ಷವಿಡೀ ನೀರು ನಿಲ್ಲುವ ಕೆರೆಯಾಗುತ್ತದೋ ಅಲ್ಲಿ ಬರವನ್ನು ನಂಬಿದ ಜೀವಿಗಳಿಗೆ ಜಾಗವಿಲ್ಲ. ಆದ್ದರಿಂದ ತುಂಬಿಸುವ ದೊಡ್ಡ ಕೆರೆಗಳ ಜೊತೆಗೆ ಮಳೆಗಷ್ಟೇ ತುಂಬುವ ಸಣ್ಣ ಕುಂಟೆ, ಕಟ್ಟೆ, ದೊಣೆಗಳನ್ನು ಹಾಗೇ ಉಳಿಸಿಕೊಳ್ಳಬೇಕು. ಸರ್ವೆ ನಂಬರಿನಲ್ಲಿ ಖರಾಬು ಎಂದು ಬರೆದ ಎಷ್ಟೋ ಗುಂಡಿಗಳು ಈ ಲೆಕ್ಕದಲ್ಲಿ ಬೆಲೆಬಾಳುವ ಜಾಗಗಳು. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡಗಳು ಅವುಗಳ ಬದಲಿಗೆ ನಿಲ್ಲಲಾರವು. ಪ್ಲಾಸ್ಟಿಕ್ ಹೊದಿಕೆಯ ತಳದಲ್ಲಿ ಮೊಟ್ಟೆ ಕೂಡಿಡಲು ಹಳೆಯ ಮಣ್ಣೇ ಇಲ್ಲ.

10. ಒಂದು ಬೋಗುಣಿ ಮಣ್ಣು

ಡಾರ್ವಿನ್ ತನ್ನ 1859ರ ಗ್ರಂಥದಲ್ಲಿ ಒಂದು ಸಣ್ಣ ಪ್ರಯೋಗ ಹೇಳುತ್ತಾನೆ. ಕೊಳವೊಂದರ ಅಂಚಿನಿಂದ ಮೂರು ಚಮಚ ಕೆಸರು ತಂದು ಆರು ತಿಂಗಳು ಕೋಣೆಯಲ್ಲಿ ಮುಚ್ಚಿಟ್ಟು, ಮೊಳೆತ ಗಿಡಗಳನ್ನು ಒಂದೊಂದಾಗಿ ಕಿತ್ತು ಎಣಿಸಿದ. ಒಟ್ಟು 537. ಅವನು ಬೀಜಗಳನ್ನು ಎಣಿಸಿದ, ಸಾರ್ಸ್ ಪ್ರಾಣಿಗಳನ್ನು ಎಬ್ಬಿಸಿದ. ಎರಡನ್ನೂ ಮಾಡಲು ನಮ್ಮ ಶಾಲೆಗಳಿಗೆ ಅನುದಾನ ಬೇಕಿಲ್ಲ.

ಕ್ರಮ ಹೀಗೆ. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿದ ಕೆರೆಯ ತಗ್ಗಿನ ಭಾಗದಿಂದ ಮೇಲಿನ ಎರಡು ಬೆರಳಷ್ಟು ಮಣ್ಣನ್ನು ನಾಲ್ಕೈದು ಕಡೆಯಿಂದ ಒಂದೊಂದು ಹಿಡಿ ತನ್ನಿ. ಕಾಗದದ ಪೊಟ್ಟಣದಲ್ಲಿ ಕೆರೆಯ ಹೆಸರು, ದಿನಾಂಕ ಬರೆದು ಒಣಗಿದ ಜಾಗದಲ್ಲಿಡಿ. ಶಾಲೆ ಶುರುವಾದ ಮೇಲೆ ತಿಳಿಬಣ್ಣದ ಬೋಗುಣಿಯಲ್ಲಿ ಹರಡಿ, ಒಂದು ಗೇಣಿಗಿಂತ ಕಡಿಮೆ ಆಳಕ್ಕೆ ಮಳೆನೀರು ಹಾಕಿ. ಕ್ಲೋರಿನ್ ಬೆರೆತ ನಲ್ಲಿ ನೀರು ಬೇಡ. ಬೆಳಕಿರುವ, ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಇಟ್ಟು, ಸೊಳ್ಳೆ ಮೊಟ್ಟೆಯಿಡದಂತೆ ತೆಳುಬಟ್ಟೆ ಕಟ್ಟಿ. ಎರಡನೆಯ ದಿನದಿಂದ ದಿನಾ ಒಂದೇ ಹೊತ್ತಿನಲ್ಲಿ ನೋಡಿ ಬರೆಯಿರಿ. ಮೊದಲು ಕಾಣುವುದು ಚುಕ್ಕೆಗಳು, ಆಮೇಲೆ ಆಕಾರಗಳು. ಎದ್ದ ಮರಿಗಳು ಮೊಟ್ಟೆಯಿಡುವ ಮುಂಚೆಯೇ ಅವನ್ನು ನೀರಿನ ಸಮೇತ ಬಸಿದು ತೆಗೆದು, ಮಣ್ಣನ್ನು ಆರಲು ಬಿಟ್ಟು, ಅದನ್ನೇ ಮತ್ತೆ ನೆನೆಸಿ. ಎರಡನೆಯ ಸಲವೂ ಮರಿಗಳು ಎದ್ದರೆ, ಮಣ್ಣು ಎಲ್ಲವನ್ನೂ ಒಂದೇ ಮಳೆಗೆ ಕೊಡಲಿಲ್ಲ ಎಂಬುದು ಮಕ್ಕಳಿಗೆ ತಾವೇ ಕಂಡ ಸತ್ಯವಾಗುತ್ತದೆ. ಕೆಲಸ ಮುಗಿದ ಮೇಲೆ ಮಣ್ಣನ್ನು ಅದೇ ಕೆರೆಗೆ ಹಾಕಿ, ಇನ್ನೊಂದು ಕೆರೆಗೆ ಬೇಡ.

ಹೂಳೆತ್ತಿದ ಕೆರೆ ಒಂದು, ಎತ್ತದ ಕೆರೆ ಒಂದು. ಮೀನು ಬಿಟ್ಟದ್ದು ಒಂದು, ಬಿಡದ್ದು ಒಂದು. ಒಂದು ಬೆಟ್ಟದ ದೊಣೆ. ಐದು ಬೋಗುಣಿ ಪಕ್ಕಪಕ್ಕದಲ್ಲಿಟ್ಟರೆ ನಾನು ಇವತ್ತು ಹೇಳಿದ ಮಾತುಗಳೆಲ್ಲ ಪರೀಕ್ಷೆಗೆ ಒಳಗಾಗುತ್ತವೆ. ಆಗಬೇಕು ಕೂಡ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಎಂಬ ಒಂದು ಶೈಕ್ಷಣಿಕ ಜಿಲ್ಲೆ. ಪ್ರತಿ ಪ್ರೌಢಶಾಲೆ ತನ್ನೂರಿನ ಒಂದು ಕೆರೆಯನ್ನು ಹಿಡಿದು, ಒಂದೇ ನಮೂನೆಯ ಪುಸ್ತಕದಲ್ಲಿ ಮೂರು ವರ್ಷ ಬರೆದರೆ, ಯಾವ ಕೆರೆಯ ಮಣ್ಣಿನಲ್ಲಿ ಏನು ಉಳಿದಿದೆ ಎಂಬ ಕೆರೆವಾರು ಪಟ್ಟಿ ಸಿದ್ಧವಾಗುತ್ತದೆ. ಮುಂದಿನ ಸಲ ಪಂಚಾಯಿತಿ ಹೂಳೆತ್ತುವ ಕ್ರಿಯಾಯೋಜನೆ ಬರೆಯುವಾಗ, ಕೆರೆಯ ಯಾವ ಭಾಗವನ್ನು ಕೈಹಾಕದೆ ಬಿಡಬೇಕೆಂದು ಹೇಳಲು ಊರಿನ ಎಂಟನೇ ತರಗತಿಯ ಮಕ್ಕಳ ಕೈಯಲ್ಲೇ ಆ ಪುಸ್ತಕ ಇರಲಿ. ಈ ದತ್ತಿಯ ಮುಂದಿನ ಉಪನ್ಯಾಸಕ್ಕೆ ನನ್ನಂಥವರನ್ನು ಕರೆಯುವ ಬದಲು ಆ ಮಕ್ಕಳನ್ನೇ ವೇದಿಕೆಗೆ ಕರೆಯಬೇಕೆಂದು ಕೇಳಿಕೊಳ್ಳುತ್ತೇನೆ.